ಕಿಟ್ಟೆಲರ ತಾಳ್ಮೆ

ಕನ್ನಡ ಬೈಬಲ್ಲಿನಲ್ಲಿ ಭರವಸೆಗೆ ‘ನಿರೀಕ್ಷೆ’ ಎಂಬ ಪದವೂ ಉಂಟು; ಕಾಯುವಿಕೆ ಅದರಲ್ಲೇ ಅಡಗಿದೆ. ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಕಷ್ಟಕ್ಕೂ ನಿರೀಕ್ಷೆಗೂ ನಡುವೆ ತಾಳ್ಮೆಯನ್ನಿರಿಸಿದ್ದಾನೆ. ಇದು ನನಗೆ ಮನದಟ್ಟಾದದ್ದು ಪಾದ್ರಿ ಫರ್ಡಿನಾಂಡ್ ಕಿಟ್ಟೆಲರ ಬಾಳಿನಿಂದ.

ಬಾಸೆಲ್ ಮಿಷನ್ನಿನ ಪರವಾಗಿ 1853ರಲ್ಲಿ ಅವರು ಕನ್ನಡನಾಡಿಗೆ ಬಂದಾಗ ಇನ್ನೂ ಇಪ್ಪತ್ತೊಂದರ ತರುಣ. 1864ರಲ್ಲಿ ಪತ್ನಿ ಪೌಲಿನಾ ತೀರಿಕೊಂಡರು. ಆದರೂ ನುಡಿಗೆ ನುಡಿ ಕೂಡಿಸುತ್ತ ಹೋದರು. ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ! ಉಪದೇಶಕ್ಕಿಂತ ಇಂತಹ ದುಡಿಮೆಯಲ್ಲೇ ವಿಶ್ವಾಸ ಹೆಚ್ಚು ಕಾಣುತ್ತದೆಂಬುದು ನನ್ನೆಣಿಕೆ. (‘ಪದಗಳ ಅರ್ಥ ಬರೆಯಿರಿ’ ಎಂದರೆ ಮುಖ ಸಿಂಡರಿಸುತ್ತಿದ್ದ ನನ್ನ ಶಿಷ್ಯರು ಗಮನಿಸಬೇಕು.)

ನಮ್ಮ ಚಾಮರಾಜಪೇಟೆಯ ಮನೆಯಲ್ಲಿ ನನ್ನಾಕೆ ಇಲ್ಲವಾದ ಮೇಲೆ, ಪ್ರಾರ್ಥನೆಗೂ ಮನಸ್ಸು ನಿಲ್ಲದಿದ್ದಾಗ, ದಿನಕ್ಕೊಂದು ಪುಟದಂತೆ ಆ ನಿಘಂಟನ್ನು ಓದತೊಡಗಿದೆ. ಈಗ ‘ಪ’ಕಾರಕ್ಕೆ ಬಂದಿದ್ದೇನೆ.