ತಾಲೀಮಿನ ಮರ್ಯಾದೆ

ಇವತ್ತು ಸಂಜೆ ಹಳಿಯಾಳದಲ್ಲಿ ನಾಟಕದ ತಾಲೀಮು ನೋಡ್ತಾ ಕೂತಿದ್ದೆ. ಎರಡೇ ಮಾತಿನ ದೂತನ ಪಾತ್ರದ ಹುಡುಗ ಎಲ್ಲರಿಗಿಂತ ಮೊದಲು ಬಂದು ಕಸ ಹೊಡೆದ. ಮೊಬೈಲ್ ಬಂದ್ ಮಾಡಿ, ತನ್ನ ಸರದಿ ಇಲ್ಲದಾಗಲೂ ಉಳಿದವರ ಮಾತಿಗೆ ಕಿವಿಗೊಟ್ಟು ಕೂತ. ರಾಣಿ ಪಾತ್ರದ ಅಕ್ಕ ಮಾತು ಮರೆತಾಗ ಯಾರೂ ನಗಲಿಲ್ಲ. ಪ್ರಾಂಪ್ಟರ್ ಮೆಲ್ಲಗೆ ಎತ್ತಿಕೊಟ್ಟರು, ಅಷ್ಟೇ.

ಪಕ್ಕದ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ನಿರ್ದೇಶಕ ಚಿದಂಬರರಾವ್ ಜಂಬೆ ಅವರು ಸಿದ್ದಿ ಜನರನ್ನೇ ಕಟ್ಟಿಕೊಂಡು ನೈಜೀರಿಯಾದ ಲೇಖಕ ಚಿನುವಾ ಅಚಿಬೆಯ 1958ರ ಕಾದಂಬರಿಯನ್ನು ರಂಗಕ್ಕೆ ತಂದಿದ್ದು ನೆನಪಾಯ್ತು. ಮೊದಲ ಸಲ ರಂಗ ಹತ್ತುವವರಿಗೆ ಧೈರ್ಯ ಹುಟ್ಟೋದು ತಾಲೀಮಿನಲ್ಲೇ. ಇನ್ನೊಬ್ಬರ ದೃಶ್ಯಕ್ಕೆ ಮರ್ಯಾದೆ ಕೊಡೋದೂ ನಟನೆಯೇ ಅಲ್ವಾ?

ದಾಂಡೇಲಿ, ಜೋಯಿಡಾ, ಮುಂಡಗೋಡದ ರಂಗಗೆಳೆಯರೇ, ನಿಮ್ಮ ತಂಡದಲ್ಲಿ ತಪ್ಪದೇ ಪಾಲಿಸೋ ಒಂದು ನಿಯಮ ಯಾವುದು? ಬರೀರಿ.