ಸಿಮೆಂಟ್ ಹಾಕಿಸಿದ ಹಲ್ಲು

ಹುಳುಕಾಗಿದ್ದಷ್ಟು ದಿನ ತೆಪ್ಪಗಿದ್ದ ಎಡದವಡೆಯ ಹಲ್ಲು, ಸಿಮೆಂಟ್ ತುಂಬಿಸಿದ ಮೇಲೆ ಜಗಳಕ್ಕೆ ನಿಂತಿದೆ. ತಣ್ಣೀರು ತಾಗಿದರೆ ಜುಂ. ಎದುರಿಗಿದ್ದವರು ಐಸ್‌ಕ್ರೀಂ ತಿಂದರೂ ಅರ್ಧ ಜುಂ. "ನೋವಿಲ್ಲದ ಹಲ್ಲಿಗೆ ದುಡ್ಡು ಕೊಟ್ಟು ನೋವು ಕೊಂಡ್ಕೊಂಡು ಬಂದ್ರಿ" ಎನ್ನುತ್ತಾಳೆ ಹೆಂಡತಿ. ಅವಳ ಲೆಕ್ಕ ಯಾವಾಗಲೂ ಪಕ್ಕಾ.

ಡಾಕ್ಟರಮ್ಮ ಮಾತ್ರ ನಗುನಗುತ್ತಲೇ ಪಾಠ ಮಾಡಿದರು. ಹಲ್ಲಿನ ಹೊರಗಿನ ಎನಾಮಲ್‌ಗೆ ನರವೇ ಇಲ್ಲವಂತೆ. ಒಳಗಿನ ಡೆಂಟಿನ್ ತುಂಬ ಮಾತ್ರ ಕಣ್ಣಿಗೆ ಕಾಣದ ನಳಿಕೆಗಳು, ಒಂದು ಚದರ ಮಿಲಿಮೀಟರ್ ಜಾಗದಲ್ಲೇ ಹತ್ತಾರು ಸಾವಿರ. ಅವುಗಳೊಳಗಿನ ದ್ರವ ತಂಪಿಗೆ ಕದಲಿದರೆ ಸಾಕು, ನರ ಎದ್ದು ಕೂರುತ್ತದೆ. ಸ್ವೀಡನ್ನಿನ ಬ್ರಾನ್‌ಸ್ಟ್ರಾಮ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಪ್ರಯೋಗ ಮಾಡಿ ಈ ವಾದಕ್ಕೆ ಬಲ ತುಂಬಿದರು. ಕೊರೆದಾಗ ಹಲ್ಲು ರೇಗುತ್ತದೆ. ಸಾಲದ್ದಕ್ಕೆ, ನಾನು ಸಿಮೆಂಟ್ ಅನ್ನುವ ಕಾಂಪೋಸಿಟ್ ನೀಲಿ ಬೆಳಕಿಗೆ ಗಟ್ಟಿಯಾಗುವಾಗ ಕೊಂಚ ಕುಗ್ಗುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಎಲ್ಲ ತಣ್ಣಗಾಗುತ್ತದಂತೆ. ತಣ್ಣಗಾಗುವುದು ಎಂಬ ಮಾತು ಕೇಳಿಯೇ ನಾನು ದವಡೆ ಹಿಡಿದುಕೊಂಡೆ.

"ಅಗಿಯುವಾಗಲೂ ನೋವಾ ಅಂಕಲ್?" ಹೌದೆಂದೆ. ಹಲ್ಲುಗಳ ನಡುವೆ ತೆಳ್ಳನೆಯ ನೀಲಿ ಕಾಗದ ಇಟ್ಟರು. "ಟಕ ಟಕ ಅಂತ ಕಚ್ಚಿ. ಈಗ ಆ ಕಡೆ ಈ ಕಡೆ ಉಜ್ಜಿ." ಕನ್ನಡಿ ಹಿಡಿದು ತೋರಿಸಿದರು: ತುಂಬಿದ ಜಾಗದ ಮೂಲೆಯಲ್ಲಿ ಸಾಸಿವೆಯಷ್ಟು ನೀಲಿ ಚುಕ್ಕೆ. ಅಷ್ಟೇ ಎತ್ತರ ಜಾಸ್ತಿ! ಫಿಲ್ಲಿಂಗ್ ದಿನ ಇಂಜೆಕ್ಷನ್ನಿನಿಂದ ಅರ್ಧ ಬಾಯಿ ಮರಗಟ್ಟಿತ್ತು. ಕಚ್ಚಿದ್ದು ಸರಿಯೋ ತಪ್ಪೋ ನನಗೇ ಗೊತ್ತಾಗಿರಲಿಲ್ಲ. ಚುಕ್ಕೆ ಸವೆಸಿದರು, ಮತ್ತೆ ಕಚ್ಚಿಸಿದರು. ಇಷ್ಟು ವರ್ಷ ದೋಸೆ, ನಿಪ್ಪಟ್ಟು, ಹುರಿಗಾಳು ಎಲ್ಲವನ್ನೂ ಅರೆದು ಕೊಟ್ಟ ಈ ಹಲ್ಲಿನ ಮುಖವನ್ನು ನಾನು ನೋಡಿದ್ದು ಅವತ್ತೇ ಮೊದಲು. ಪಾಪ, ಸವೆದುಹೋಗಿದೆ.

ಕ್ಲಿನಿಕ್ಕಿನಲ್ಲಿ ಲವಂಗದ ವಾಸನೆ. ತಾತ್ಕಾಲಿಕವಾಗಿ ತುಂಬುವ ಒಂದು ಬಗೆಯ ಸಿಮೆಂಟಿಗೆ ಲವಂಗದೆಣ್ಣೆಯಲ್ಲಿರುವ ಯೂಜಿನಾಲನ್ನೇ ಸತುವಿನ ಆಕ್ಸೈಡ್ ಜೊತೆ ಕಲಸುತ್ತಾರಂತೆ. ನಮ್ಮಜ್ಜಿ ಈ ಚಿಕಿತ್ಸೆಗೆ ಫೀಸು ತಗೊಂಡವಳಲ್ಲ. ಲವಂಗವೊಂದನ್ನು ಹುಳುಕಿಗೆ ಒತ್ತಿ "ಬಾಯಿ ಮುಚ್ಕೊಂಡಿರು" ಅನ್ನುತ್ತಿದ್ದಳು, ಎರಡೂ ಅರ್ಥದಲ್ಲಿ. ಬಿದ್ದ ಹಾಲುಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯಿಸುತ್ತಿದ್ದವಳೂ ಅವಳೇ. ಹಲ್ಲೆಲ್ಲ ಉದುರಿದ ಅಜ್ಜನಿಗೆ ಹಿತ್ತಾಳೆ ಕುಟ್ಟಾಣಿಯಲ್ಲಿ ಎಲೆಅಡಿಕೆ ಕುಟ್ಟಿಕೊಡುವಾಗ ಮಾತ್ರ ಅವಳು ಮಾತಾಡುತ್ತಿರಲಿಲ್ಲ. ಊಟವಾದ ಮೇಲೆ ಪಡಸಾಲೆಯಲ್ಲಿ ಟಣ್ ಟಣ್ ಸದ್ದೊಂದೇ. ಈಗ ಆ ಕುಟ್ಟಾಣಿ ನಮ್ಮ ಶೋಕೇಸಿನಲ್ಲಿದೆ.

ಹೊರಡುವಾಗ ಡಾಕ್ಟರಮ್ಮ ಎಚ್ಚರಿಸಿದರು: "ತಣ್ಣಗಿನದು ಬಾಯಿಂದ ಹೋದಮೇಲೂ ನೋವು ನಿಂತೇ ಇದ್ರೆ, ರಾತ್ರಿ ತಾನಾಗೇ ಎದ್ರೆ, ತಡ ಮಾಡದೆ ಬನ್ನಿ. ರೂಟ್ ಕೆನಾಲ್ ಬೇಕಾಗಬಹುದು." ಆ ಹೆಸರು ಕೇಳಿದ್ದೇ ನನ್ನ ಅರ್ಧ ನೋವು ವಾಸಿ.

ಸಂಜೆ ಹೆಂಡತಿ ಕೋಡುಬಳೆ ಕರಿದಳು. ತಟ್ಟೆ ಮುಂದಿಟ್ಟು, ನನ್ನ ದವಡೆಯನ್ನೊಮ್ಮೆ, ಶೋಕೇಸನ್ನೊಮ್ಮೆ ನೋಡಿ, "ಕುಟ್ಟಿ ಕೊಡ್ಲಾ?" ಎಂದಳು. ಬಲಗಡೆಯಿಂದ ಕಟುಂ ಎಂದು ಕಡಿದೆ, ಅಡುಗೆಮನೆಗೂ ಕೇಳುವಷ್ಟು ಜೋರಾಗಿ.