ಕೌದಿಯ ಗಂಟಿನೊಡನೆ ಅಗರಖೇಡಕ್ಕೆ

ವಿಜಯಪುರಕ್ಕೆ ಬರುವ ಪ್ರವಾಸಿಗರು ಗೋಲಗುಮ್ಮಟವನ್ನೂ ಇಬ್ರಾಹಿಮ ರೋಜೆಯನ್ನೂ ನೋಡಿ ಹಿಂದಿರುಗುವದು ವಾಡಿಕೆ. ಜಿಲ್ಲೆಯ ಉತ್ತರದ ಅಂಚಿನಲ್ಲಿ, ಭೀಮಾ ನದಿಯ ದಂಡೆಗುಂಟ ಇರುವ ಹಳ್ಳಿಗಳ ಕಡೆಗೆ ಸುಳಿಯುವವರು ವಿರಳ. ಆದರೆ ಮನೆಯೊಳಗಿನ ವಸ್ತುಗಳನ್ನು ಆದರದಿಂದ ನೋಡುವ ಕಣ್ಣುಳ್ಳವರಿಗೆ ಆ ಭಾಗದಲ್ಲಿ ಕಾಣತಕ್ಕದ್ದು ಬಹಳವಿರುವದು. ಇಂಡಿ ತಾಲೂಕಿನ ಅಗರಖೇಡಕ್ಕೆ ನಾವು ಮೂವರು ಗೆಳತಿಯರು ಎರಡು ದಿನಗಳ ಮಟ್ಟಿಗೆ ಹೋದದ್ದು ಒಂದು ಕೌದಿಯ ನಿಮಿತ್ತದಿಂದ.

ಆ ಊರಿನಲ್ಲಿರುವ ನಮ್ಮ ಗೆಳತಿಯೊಬ್ಬಳು ತಿಂಗಳ ಹಿಂದೆ ಒಂದು ಗಂಟು ಅರಿವೆ ಕಳಿಸಿದ್ದಳು. ಮೂವತ್ತು ವರುಷಗಳ ಹಿಂದೆ ಕೂಡಿ ಕಲಿತವರೆಲ್ಲರೂ ರವಿವಾರ ಸೇರಿ ತಮ್ಮ ಗುರುಗಳಿಗೆ ವಂದನೆ ಸಲ್ಲಿಸುವವರಿದ್ದರು. ಶಾಲು ಹೊದಿಸುವದು ಎಲ್ಲೆಡೆಯ ರೂಢಿ; ಅದಕ್ಕೆ ಬದಲು ಎಲ್ಲರ ಮನೆಯ ಹಳೆಯ ಅರಿವೆ ಸೇರಿಸಿ ಒಂದು ಕೌದಿ ಕೊಡಬೇಕೆಂದು ಅವರ ಆಶೆ. ‘ಅಂಚಿನಿಂದ ನೀವು ಹೊಲಿದು ತನ್ನಿರಿ, ನಡುವಿನದನ್ನು ಇಲ್ಲಿ ಎಲ್ಲರೂ ಕೂಡಿ ಮುಗಿಸುವರು, ನಾನು ಮಾತ್ರ ಸೂಜಿ ಹಿಡಿಯಲಾರೆ’ ಎಂದು ಅವಳು ಹೇಳಿ ಕಳಿಸಿದ್ದಳು. ಒಂದು ಕಾಲಕ್ಕೆ ನಮಗೇ ಹೊಲಿಗೆ ತಿದ್ದಿದವಳ ಬಾಯಿಂದ ಬಂದ ಈ ಮಾತು ನಮ್ಮನ್ನು ದಾರಿಯುದ್ದಕ್ಕೂ ಕಾಡಿತು.

ಶನಿವಾರ ಬೆಳಗಿನಲ್ಲಿ ಸೋಲಾಪುರದ ಹೆದ್ದಾರಿ ಹಿಡಿದು ಹೊರ್ತಿಯವರೆಗೆ ಹೋಗಿ, ಅಲ್ಲಿಂದ ಬಲಕ್ಕೆ ಹೊರಳಿ ಇಂಡಿಯನ್ನು ಸೇರಿದೆವು. ಪುಷ್ಯಮಾಸದ ಚಳಿ. ಎಳ್ಳಮಾವಾಸ್ಯೆಯ ಚರಗ ಚೆಲ್ಲಿ ಆಗಿತ್ತು. ಎರೆಯ ಹೊಲಗಳಲ್ಲಿ ಹಿಂಗಾರಿಯ ಬಿಳಿಜೋಳ ತೆನೆ ತೂಗುತ್ತಿತ್ತು. ಇಂಡಿಯ ಸುತ್ತಲೆಲ್ಲ ಲಿಂಬೆಯ ತೋಟಗಳು. ಇಲ್ಲಿಯ ಲಿಂಬೆಗೆ ಈಚೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿರುವದು. ಇಂಡಿಯಿಂದ ಉತ್ತರಕ್ಕೆ ಸಾಗಿ, ಬಿಸಿಲು ಏರುವ ಹೊತ್ತಿಗೆ ಅಗರಖೇಡವನ್ನು ಮುಟ್ಟಿದೆವು.

ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ ಬರುವ ಭೀಮೆಯು ಈ ಸೀಮೆಯಲ್ಲಿ ಕೆಲವು ದೂರ ಕರ್ನಾಟಕ ಮಹಾರಾಷ್ಟ್ರಗಳಿಗೆ ಗಡಿಯಾಗಿ ಹರಿಯುವಳು. ೧೯೫೬ರಲ್ಲಿ ರಾಜ್ಯಗಳ ಪುನರ್ರಚನೆಯಾದಾಗ ಈಚೆಯ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂದಿತು. ಆಚೆಯ ಸೋಲಾಪುರ ಜಿಲ್ಲೆ ಅಲ್ಲಿಯೇ ಉಳಿಯಿತು. ಆದರೆ ಕೊಟ್ಟು ತಂದ ನಂಟಸ್ತನಕ್ಕೆ ನದಿ ಅಡ್ಡಬಂದಿಲ್ಲ. ಈಚೆ ಕೌದಿ, ಆಚೆ ಗೋಧಡಿ. ಹೆಸರು ಎರಡು, ಬೆಚ್ಚಗೆ ಒಂದೇ.

ಗೆಳತಿಯ ಮನೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿಗಳ ಊಟವಾದ ತರುವಾಯ ಅವಳು ತಾನಾಗಿಯೇ ಮಾತೆತ್ತಿದಳು. ೨೦೨೦ರ ಅಕ್ಟೋಬರದಲ್ಲಿ ಮಳೆಯೂ ಮೇಲಿನಿಂದ ಬಿಟ್ಟ ನೀರೂ ಕೂಡಿ ಭೀಮೆ ಉಕ್ಕಿ ಬಂದುದು ವಾಚಕರಿಗೆ ನೆನಪಿರಬಹುದು. ನೀರು ಇಳಿದ ಮೇಲೆ ನೋಡಿದರೆ ಅವಳ ತಾಯಿ, ಅತ್ತೆಯರು ಹೊಲಿದ ಹನ್ನೊಂದು ಕೌದಿಗಳು ರಾಡಿಯ ಮುದ್ದೆಯಾಗಿದ್ದವು. ನೆನೆದ ಕೌದಿಯನ್ನು ಇಬ್ಬರು ಕೂಡಿ ಎತ್ತಿದರೂ ಏಳದು. ಕೊನೆಗೆ ಎಲ್ಲವನ್ನೂ ತಿಪ್ಪೆಗೆ ಸಾಗಿಸಬೇಕಾಯಿತು. ‘ಕಾಳು ಹೋದರೆ ಮರುವರುಷ ಬೆಳೆಯುತ್ತದೆ, ಅವ್ವನ ಸೀರೆ ಎಲ್ಲಿ ಬೆಳೆಯಲಿ?’ ಎಂದಳು. ಅಂದಿನಿಂದ ಅವಳು ಸೂಜಿ ಮುಟ್ಟಿರಲಿಲ್ಲ.

ಕೌದಿಯ ಕೆಲಸ ತಿಳಿಯದ ವಾಚಕರಿಗಾಗಿ ಎರಡು ಮಾತು. ಹಳೆಯ ಧೋತರವನ್ನೋ ಸೀರೆಯನ್ನೋ ನೆಲದ ಮೇಲೆ ಹಾಸಿ, ಅದರ ಮೇಲೆ ಅರಿವೆಯ ಪದರುಗಳನ್ನು ಹರವಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ನಾಲ್ಕು ಮಗ್ಗುಲಿಗೂ ಹೆಂಗಸರು ಕುಳಿತು ಅಂಚಿನಿಂದ ಒಳಮುಖವಾಗಿ ಸುತ್ತುಸುತ್ತಾಗಿ ದಾರ ಹಾಕುತ್ತ ಹೋಗುವರು. ಉತ್ತರಕನ್ನಡದ ಸಿದ್ದಿ ಹೆಣ್ಣುಮಕ್ಕಳು ಮೂಲೆಗಳಿಗೆ ‘ಫೂಲ’ವೆಂಬ ಹೂವಿನ ತುಂಡು ಹಚ್ಚುವರು, ಅವರ ಕೌದಿಗಳು ಪರದೇಶಗಳ ಪ್ರದರ್ಶನಗಳನ್ನೂ ಕಂಡಿವೆ. ನಮ್ಮ ಕಡೆಯ ಕೌದಿಗಳಲ್ಲಿ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣಗಳ ತುಂಡುಗಳು ಹೆಚ್ಚು. ಆ ಊರುಗಳೂ ೧೯೯೭ರವರೆಗೆ ನಮ್ಮ ಜಿಲ್ಲೆಯವೇ ಆಗಿದ್ದವು. ತೊಳೆದು ತೊಳೆದು ಮೆತ್ತಗಾದ ಹತ್ತಿಯ ಅರಿವೆಯೇ ಕೌದಿಗೆ ಪ್ರಾಣ. ಈಗಿನ ಪಾಲಿಯೆಸ್ಟರ್ ಸೀರೆಗಳು ಸೂಜಿಯ ಕೆಳಗೆ ಜಾರುವವು, ಬೆವರು ಹೀರವು, ಎಷ್ಟು ವರುಷ ಉಟ್ಟರೂ ಹತ್ತಿಯಂತೆ ಮೆತ್ತಗಾಗವು. ಗೆಳತಿ ಕಳಿಸಿದ್ದ ಗಂಟಿನಲ್ಲಿಯೂ ಅರ್ಧಕ್ಕಿಂತ ಹೆಚ್ಚು ಅಂಥವೇ. ಅವನ್ನು ಮೇಲಿನ ಚಿಕ್ಕ ತುಂಡುಗಳಿಗಷ್ಟೇ ಬಳಸಿ, ಒಳಪದರುಗಳಿಗೆ ನಮ್ಮ ಮನೆಗಳ ಹತ್ತಿಯ ಅರಿವೆ ಹಾಕಿದ್ದೆವು.

ಸಂಜೆಗೆ ಕೌದಿ ಪಡಸಾಲೆಯಲ್ಲಿ ಬಿಚ್ಚಿಕೊಂಡಿತು. ಊರಿನವರೂ ಪುಣೆ, ಸೋಲಾಪುರಗಳಿಂದ ಬಂದವರೂ ಆದ ಸಹಪಾಠಿಗಳು ಸುತ್ತಲೂ ಕುಳಿತರು. ಹೊಲಿಗೆ ಬಾರದ ಗಂಡಸರು ಸೂಜಿಗೆ ದಾರ ಪೋಣಿಸಿದರು. ಒಬ್ಬ ಹಿರಿಯಳು ಬೀಸುಕಲ್ಲಿನ ಹಾಡೊಂದನ್ನೆತ್ತಿದಳು. ಇಂಥ ಹಾಡುಗಳನ್ನೇ ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡು ೧೯೩೧ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಹಾಡು ಪುಸ್ತಕದಲ್ಲಿ ಉಳಿಯಿತು. ಕೌದಿಯಾದರೋ ಹೊದ್ದು ಸವೆಯುವ ವಸ್ತು, ಹೊಸದನ್ನು ಹೊಲಿದರೆ ಮಾತ್ರ ಉಳಿಯುವಂಥಾದ್ದು.

ದೀಪ ಹಚ್ಚುವ ಹೊತ್ತಿಗೆ ಒಬ್ಬ ಮುದುಕಿ ಬಾಗಿಲಿಗೆ ಬಂದಳು. ಅವಳ ಮಗಳೂ ಇವರೊಡನೆ ಕಲಿತವಳು. ತೀರಿಕೊಂಡು ಬಹಳ ವರುಷಗಳಾಗಿದ್ದವು. ಶಾಲೆಗೆ ಹೋಗುವಾಗ ಮಗಳು ಉಡುತ್ತಿದ್ದ ಪರಕರದ ತುಂಡೊಂದನ್ನು ಮುದುಕಿ ಸೆರಗಿನಿಂದ ಬಿಚ್ಚಿ, ‘ಇದಕ್ಕೆ ಜಾಗವಿದೆಯೇ?’ ಎಂದು ಕೇಳಿದಳು. ಎಲ್ಲರೂ ಸುಮ್ಮನಾದರು. ನಮ್ಮ ಗೆಳತಿ ಎದ್ದು ಬಂದು ತುಂಡನ್ನು ಈಸಿಕೊಂಡು, ನಡುವೆ ಇಟ್ಟು, ಅಂಚು ಮಡಿಸಿ ಹೊಲಿಯತೊಡಗಿದಳು. ಯಾರೂ ಏನೂ ಅನ್ನಲಿಲ್ಲ. ನಡುರಾತ್ರಿಯ ಸುಮಾರಿಗೆ ಕೊನೆಯ ಗಂಟು ಬಿದ್ದಿತು.

ರವಿವಾರದ ಸಮಾರಂಭದಲ್ಲಿ ಹಾರ, ಭಾಷಣಗಳೆಲ್ಲ ಕ್ರಮದಂತೆ ನಡೆದವು. ವೃದ್ಧ ಗುರುಗಳು ಕೌದಿಯನ್ನು ತೊಡೆಯ ಮೇಲೆ ಹರವಿ, ಒಂದೊಂದು ತುಂಡಿನ ಮೇಲೂ ಬೆರಳಿಟ್ಟು, ‘ಇದು ಯಾರದು?’ ಎಂದು ಕೇಳುತ್ತ ಹೋದರು. ಅವರವರು ಎದ್ದು ಹೆಸರು ಹೇಳಿದರು. ನಡುವಿನ ತುಂಡಿಗೆ ಮುದುಕಿಯೇ ಹೆಸರು ಹೇಳಿದಳು. ಗುರುಗಳು ತಲೆದೂಗಿ, ಅಲ್ಲಿಯೇ ಕೆಲಹೊತ್ತು ಕೈಯಿಟ್ಟಿದ್ದರು.

ಮನೆಗಳಲ್ಲಿ ಮಿಲ್ಲಿನ ಚಾದರಗಳು ಬಂದಿವೆ. ಅವು ಅಗ್ಗವೂ ಹಗುರವೂ ಆಗಿರುವದರಿಂದ ಬರಬೇಕಾದದ್ದೇ. ಆದರೆ ಹತ್ತಿಯ ಹಳೆ ಸೀರೆಯೂ, ಕೂಡಿ ಕುಳಿತುಕೊಳ್ಳುವ ಪುರಸೊತ್ತೂ ಎರಡೂ ಮನೆಯಿಂದ ಹೋದರೆ ಮತ್ತೆ ಕೌದಿ ಹುಟ್ಟದು. ಆದುದರಿಂದ ವಾಚಕ ಸೋದರಿಯರಲ್ಲಿ ನಮ್ಮ ಬಿನ್ನಹವಿಷ್ಟೇ: ಹಳೆಯ ಅರಿವೆಗೆ ಪಾತ್ರೆ ಕೊಡುವವಳು ಬಾಗಿಲಿಗೆ ಬಂದಾಗ ಹತ್ತಿಯ ಸೀರೆಗಳನ್ನು ಬೇರೆ ತೆಗೆದಿಡಿರಿ. ಒಂದು ಚಳಿಗಾಲಕ್ಕೆ ಒಂದೇ ಕೌದಿಯಾದರೂ ಸಾಕು. ನಾಲ್ವರನ್ನು ಕರೆದು ಹೊಲಿಯಿರಿ. ಅಗರಖೇಡದ ಗೆಳತಿಯು ಈಗ ಹನ್ನೆರಡನೆಯದಕ್ಕೆ ಅರಿವೆ ಕೂಡಿಸುತ್ತಿರುವಳು. ಈ ಸಲ ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಡಿಸಿರುವಳು.